ಕೇಳಿ, ಹೇಳ್ತೀನಿ: ವಿಮ್‌ಗೆ ಯಾವ ಕಂಪ್ಲೀಷನ್ ಪ್ಲಗಿನ್ ಹಾಕೋಣ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಟರ್ಮಿನಲ್‌ನಲ್ಲಿ ಕೋಡ್ ಬರೆಯುವವರು, ಅಂದರೆ ವಿಮ್ ಅನ್ನುವ ಎಡಿಟರ್ ಅಥವಾ ಅದರಿಂದಲೇ ಹುಟ್ಟಿದ ನಿಯೋವಿಮ್ ಬಳಸುವವರು ಕೇಳುತ್ತಿದ್ದಾರೆ: ಅರ್ಧ ಪದ ಬರೆದರೆ ಉಳಿದದ್ದು ತಾನೇ ಬರಬೇಕು (ಇದೇ ಕಂಪ್ಲೀಷನ್), ಅದಕ್ಕೆ ಯಾವ ಪ್ಲಗಿನ್, ಅಂದರೆ ಎಡಿಟರ್‌ಗೆ ಸೇರಿಸುವ ಯಾವ ಪುಟ್ಟ ಪ್ರೋಗ್ರಾಮ್ ಒಳ್ಳೆಯದು? ಹೊಸ ಓದುಗರಿಗಾಗಿ ಒಂದು ಮಾತು. ನಾನು ತುಮಕೂರಿನ ಎಸ್.ಎಸ್. ಪುರಂನಲ್ಲಿ ಪುಟ್ಟ ಆಫೀಸ್ ಇಟ್ಟುಕೊಂಡು ಕೊಬ್ಬರಿ ವರ್ತಕರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡುವವಳು. 15 ವರ್ಷದಿಂದ ವಿಮ್‌ನಲ್ಲೇ ಕೆಲಸ. ನಾನು ಹೇಳುವುದು ಆ ಅನುಭವದಿಂದ.

ಅಕ್ಕಾ, ನಾನು ಶಿರಾದವಳು. ಇಂಜಿನಿಯರಿಂಗ್ ಮೂರನೇ ಸೆಮಿಸ್ಟರ್. ಅಣ್ಣನ ಹಳೇ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, ಉಬುಂಟು 22.04. ಗೆಳತಿ ಕಾಕ್ ಅನ್ನುವ ಪ್ಲಗಿನ್ ಹಾಕು ಅಂತಾಳೆ, ಸೀನಿಯರ್ ಒಬ್ಬರು ಬ್ಲಿಂಕ್ ಅಂತಾರೆ. ನಿಯೋವಿಮ್ ಇನ್‌ಸ್ಟಾಲ್ ಮಾಡಿ ಬ್ಲಿಂಕ್ ಹಾಕಿದೆ. ತೆರೆದರೆ ಬರೀ ಕೆಂಪು ಎರರ್. ಸಿ ಮತ್ತು ಪೈಥಾನ್ ಬರೆಯುತ್ತೇನೆ. ಯಾವುದು ಹಾಕಲಿ?

ಮೊದಲು ಆ ಕೆಂಪು ಎರರ್ ವಿಷಯ. ನೀವು ಏನೂ ಕೆಡಿಸಿಲ್ಲ ತಂಗಿ. ಉಬುಂಟು 22.04ರಲ್ಲಿ ಸಾಫ್ಟ್‌ವೇರ್ ತರುವ ಆಪ್ಟ್ ಕಮ್ಯಾಂಡ್ ಮೂಲಕ ಹಾಕಿದರೆ ಬರುವುದು ನಿಯೋವಿಮ್ 0.6.1. ಬ್ಲಿಂಕ್‌ಗೆ ಕನಿಷ್ಠ 0.10 ಬೇಕು. ಉಬುಂಟು 24.04ಕ್ಕೆ ಹೋದರೂ ಆಪ್ಟ್ ಕೊಡುವುದು 0.9.5, ಅದೂ ಸಾಲದು. ನಿಮ್ಮ ಗೆಳತಿ ಹೇಳಿದ ಕಾಕ್ ಕಥೆಯೂ ಹೀಗೇ. ಅದಕ್ಕೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್ ಬೇಕು. ಹೊಸ ಕಾಕ್‌ಗೆ ವಿಮ್ 9 ಬೇಕು, ನಿಮ್ಮ 22.04ರಲ್ಲಿ ಇರುವುದು ವಿಮ್ 8.2. ಹಾಗಾಗಿ ಪ್ಲಗಿನ್ ಆರಿಸುವ ಮೊದಲು ನಿಮ್ಮ ಎಡಿಟರ್ ಯಾವ ವರ್ಷನ್ ಅಂತ ನೋಡಿಕೊಳ್ಳಿ. ನನಗೆ ಬರುವ ಎಷ್ಟೋ ಪತ್ರಗಳಿಗೆ ಉತ್ತರ ಅಷ್ಟರಲ್ಲೇ ಸಿಕ್ಕಿಬಿಡುತ್ತದೆ.

ಈಗ ನನ್ನ ಸಲಹೆ. ಒಂದು ವಾರ ಯಾವ ಪ್ಲಗಿನ್ನೂ ಬೇಡ. ವಿಮ್‌ನಲ್ಲಿ ಕಂಪ್ಲೀಷನ್ ಮೊದಲಿನಿಂದಲೂ ಇದೆ. ಬಹಳ ಜನರಿಗೆ ಇದು ಗೊತ್ತೇ ಇರುವುದಿಲ್ಲ, ನನಗೆ ಅದೇ ಬೇಜಾರು. ಪದದ ಮೊದಲ ಎರಡು ಮೂರು ಅಕ್ಷರ ಬರೆದು ಕಂಟ್ರೋಲ್ ಹಿಡಿದು ಎನ್ ಒತ್ತಿ. ತೆರೆದಿರುವ ಫೈಲುಗಳಲ್ಲಿ ಆ ಅಕ್ಷರಗಳಿಂದ ಶುರುವಾಗುವ ಪದಗಳೆಲ್ಲ ಪಟ್ಟಿಯಾಗಿ ಬರುತ್ತವೆ. ಕಂಟ್ರೋಲ್ ಪಿ ಒತ್ತಿದರೆ ಹಿಂದಕ್ಕೆ ಹುಡುಕುತ್ತದೆ. ಈಗಷ್ಟೇ ಮೇಲೆ ಬರೆದ ಹೆಸರು ಬೇಕಾದಾಗ ಪಿ ಬೇಗ ಸಿಗುತ್ತದೆ. ಕಂಟ್ರೋಲ್ ಎಕ್ಸ್ ಒತ್ತಿ ಕಂಟ್ರೋಲ್ ಎಫ್ ಒತ್ತಿದರೆ ಫೈಲಿನ ಹೆಸರು. ಕಂಟ್ರೋಲ್ ಎಕ್ಸ್, ಕಂಟ್ರೋಲ್ ಎಲ್ ಅಂದರೆ ಇಡೀ ಸಾಲು. ಲ್ಯಾಬ್ ರೆಕಾರ್ಡ್ ಬರೆಯುವಾಗ ಒಂದೇ ತರಹದ ಪ್ರಿಂಟ್‌ಎಫ್ ಸಾಲುಗಳು ಎಷ್ಟು ಬರುತ್ತವೆ, ಅಲ್ವಾ? ಅಲ್ಲಿ ಇದನ್ನು ಬಳಸಿ ನೋಡಿ.

ಸಿ ಫೈಲಿನಲ್ಲಿ ಕಂಟ್ರೋಲ್ ಎನ್ ಒತ್ತಿದಾಗ ಎರಡು ಕ್ಷಣ ತಡವಾಗಬಹುದು. ನೀವು ಇನ್‌ಕ್ಲೂಡ್ ಮಾಡಿದ ಹೆಡರ್ ಫೈಲುಗಳ ಒಳಗೂ ವಿಮ್ ಹುಡುಕುವುದೇ ಅದಕ್ಕೆ ಕಾರಣ. ಕಂಪ್ಲೀಟ್ ಅನ್ನುವ ಸೆಟ್ಟಿಂಗ್‌ನಿಂದ ಐ ಅಕ್ಷರ ತೆಗೆದುಬಿಡಿ, ತಡ ಹೋಗುತ್ತದೆ. ನಿಯೋವಿಮ್‌ನಲ್ಲಿ ಅದನ್ನು ಮೊದಲೇ ತೆಗೆದಿದ್ದಾರೆ.

ವಾರ ಕಳೆದ ಮೇಲೆ ಏನು ಸಾಲುತ್ತಿಲ್ಲ ಅಂತ ನಿಮಗೇ ತಿಳಿಯುತ್ತದೆ. ಕಂಟ್ರೋಲ್ ಎನ್‌ಗೆ ಪದ ಗೊತ್ತು, ಅರ್ಥ ಗೊತ್ತಿಲ್ಲ. ಒಂದು ಸ್ಟ್ರಕ್ಟ್ (ಹಲವು ಮಾಹಿತಿ ಒಟ್ಟಿಗೆ ಇಡುವ ಕಟ್ಟು) ಹೆಸರು ಬರೆದು ಚುಕ್ಕಿ ಇಟ್ಟಿರಿ ಅನ್ನಿ. ಆ ಸ್ಟ್ರಕ್ಟ್‌ನ ಒಳಗೆ ಇರುವುದು ಮಾತ್ರ ಬರಬೇಕು. ಅದಕ್ಕೆ ಕೋಡನ್ನು ಓದಿ ಅರ್ಥ ಮಾಡಿಕೊಳ್ಳುವ ಬೇರೆ ಒಂದು ಪ್ರೋಗ್ರಾಮ್ ಬೇಕು. ಅದನ್ನೇ ಲ್ಯಾಂಗ್ವೇಜ್ ಸರ್ವರ್ ಅನ್ನುತ್ತಾರೆ. ಸಿಗೆ ಕ್ಲ್ಯಾಂಗ್‌ಡಿ ಇದೆ, ಗೋ ಭಾಷೆಗೆ ಗೋಪ್ಲ್ಸ್, ರಸ್ಟ್‌ಗೆ ರಸ್ಟ್-ಅನಲೈಸರ್. ಹಿಂದೆ ಒಂದೊಂದು ಎಡಿಟರ್‌ಗೂ ಒಂದೊಂದು ಭಾಷೆಗೂ ಬೇರೆ ಬೇರೆ ಪ್ಲಗಿನ್ ಬರೆಯಬೇಕಿತ್ತು. 2016ರಲ್ಲಿ ಮೈಕ್ರೋಸಾಫ್ಟ್, ರೆಡ್ ಹ್ಯಾಟ್ ಮತ್ತು ಕೋಡೆನ್ವಿ ಸೇರಿ ಎಲ್‌ಎಸ್‌ಪಿ (ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್) ಅನ್ನುವ ಒಂದು ಒಪ್ಪಂದದ ಭಾಷೆ ತಂದರು. ಆಮೇಲೆ ಒಂದೇ ಸರ್ವರ್ ಎಲ್ಲ ಎಡಿಟರ್‌ಗೂ ಆಗುತ್ತದೆ.

ಇಲ್ಲೇ ಎಲ್ಲರೂ ಎಡವುವುದು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದಿರುತ್ತೀರಿ. ಬೇಯಿಸುವವರು ಒಳಗೆ, ತಂದು ಕೊಡುವವರು ಹೊರಗೆ. ಒಳಗೆ ಒಲೆ ನಿಧಾನ ಇದ್ದರೆ ಸಪ್ಲೈಯರ್‌ನ ಬದಲಾಯಿಸಿ ಏನು ಪ್ರಯೋಜನ? ಕಾಕ್, ಬ್ಲಿಂಕ್, ಎನ್‌ವಿಮ್-ಸಿಎಂಪಿ, ಇವೆಲ್ಲ ತಂದು ಕೊಡುವವರು. ಬೇಯಿಸುವುದು ಲ್ಯಾಂಗ್ವೇಜ್ ಸರ್ವರ್. ಲ್ಯಾಪ್‌ಟಾಪ್ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಎಚ್‌ಟಾಪ್ ತೆರೆದು ನೋಡಿ. ಮೆಮೊರಿ ತಿನ್ನುತ್ತಿರುವುದು ಪ್ಲಗಿನ್ನಾ, ಸರ್ವರ್ರಾ ಅಂತ ಅಲ್ಲೇ ಕಾಣುತ್ತದೆ. ನಾಳೆ ಜಾವಾ ಕಲಿಯಲು ಹೋದಾಗ ಇದು ನೆನಪಿರಲಿ. ಜಾವಾ ಸರ್ವರ್ ಬಹಳ ಮೆಮೊರಿ ಕೇಳುತ್ತದೆ, 4 ಜಿಬಿಯಲ್ಲಿ ಯಾವ ಪ್ಲಗಿನ್ ಹಾಕಿದರೂ ಒದ್ದಾಟವೇ.

ನಿಮಗೆ ನಾನು ಹೇಳುವುದು ಇದು. ಈಗಿರುವ ವಿಮ್ 8.2ರಲ್ಲೇ ಇರಿ. ವಿಮ್-ಎಲ್‌ಎಸ್‌ಪಿ ಮತ್ತು ಎಸಿಂಕಂಪ್ಲೀಟ್ ಅನ್ನುವ ಎರಡು ಪ್ಲಗಿನ್ ಹಾಕಿ, ಅವೆರಡನ್ನೂ ಜೋಡಿಸಲು ಎಸಿಂಕಂಪ್ಲೀಟ್-ಎಲ್‌ಎಸ್‌ಪಿ ಅನ್ನುವ ಪುಟ್ಟ ಪ್ಲಗಿನ್ ಕೂಡ ಹಾಕಿ. ಮೂರೂ ವಿಮ್‌ನ ಸ್ವಂತ ಭಾಷೆಯಲ್ಲೇ ಬರೆದವು, ನೋಡ್ ಜೆಎಸ್ ಬೇಡ. ಸಿಗೆ ಕ್ಲ್ಯಾಂಗ್‌ಡಿ ಹಾಕಿ. ಪೈಥಾನ್‌ಗೆ ಪೈರೈಟ್ ಒಳ್ಳೆಯದೇ, ಆದರೆ ಅದು ನೋಡ್ ಮೇಲೆ ನಡೆಯುತ್ತದೆ. ನಿಮ್ಮ ಮೆಷಿನ್‌ಗೆ ಪೈಥಾನ್ ಪ್ಯಾಕೇಜ್ ತರುವ ಪಿಪ್‌ನಿಂದ ಬರುವ ಪೈಥಾನ್-ಎಲ್‌ಎಸ್‌ಪಿ-ಸರ್ವರ್ ಸಾಕು.

ಇನ್ನೊಂದು ವಿಷಯ. ಕ್ಲ್ಯಾಂಗ್‌ಡಿ ಹಾಕಿದ ಮೇಲೆ ಸರಿ ಇರುವ ಇನ್‌ಕ್ಲೂಡ್ ಸಾಲಿನ ಕೆಳಗೂ ಕೆಂಪು ಗೆರೆ ಬರಬಹುದು. ಹೆಡರ್‌ಗಳು ಎಲ್ಲಿವೆ ಅಂತ ಅದಕ್ಕೆ ಗೊತ್ತಿಲ್ಲ, ಅಷ್ಟೇ. ಚಿಕ್ಕ ಪ್ರಾಜೆಕ್ಟ್ ಆದರೆ ಕಂಪೈಲ್_ಫ್ಲ್ಯಾಗ್ಸ್ ಅನ್ನುವ ಟೆಕ್ಸ್ಟ್ ಫೈಲ್ ಮಾಡಿ, ಕಂಪೈಲರ್‌ಗೆ ಕೊಡುವ ಫ್ಲ್ಯಾಗ್‌ಗಳನ್ನು, ಅಂದರೆ ಸೂಚನೆಗಳನ್ನು, ಸಾಲಿಗೊಂದರಂತೆ ಬರೆದಿಡಿ. ಮೇಕ್‌ಫೈಲ್ ಇದ್ದರೆ ಬೇರ್ ಅನ್ನುವ ಟೂಲ್ ಜೊತೆ ಮೇಕ್ ಓಡಿಸಿ, ಬೇಕಾದ ಫೈಲ್ ಅದೇ ಮಾಡಿಕೊಡುತ್ತದೆ.

ಚಿಂತಾಮಣಿಯಿಂದ ಬರೆಯುತ್ತಿದ್ದೇನೆ ಮೇಡಂ. ಪೈಥಾನ್ ಬರೆಯುವಾಗ ಎಂಟರ್ ಒತ್ತಿದರೆ ಹೊಸ ಸಾಲಿಗೆ ಹೋಗುವುದಿಲ್ಲ, ನಾನು ಬರೆಯದ ಪದ ಬಂದು ಕೂರುತ್ತದೆ. ಸಣ್ಣ ವಿಷಯ, ಆದರೆ ತಲೆ ಕೆಡುತ್ತದೆ.

ಇದು ಸಣ್ಣ ವಿಷಯ ಅಲ್ಲ. ಈ ಸಲದ ಪತ್ರಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನಿಮ್ಮದೇ. ಯಾಕೆ ಅಂತ ನನ್ನದೇ ಒಂದು ಘಟನೆ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ತಿಪಟೂರಿನ ಒಬ್ಬ ಕೊಬ್ಬರಿ ವರ್ತಕರಿಗೆ ಬಿಲ್ಲಿಂಗ್ ಮಾಡಿಕೊಟ್ಟಿದ್ದೆ. ಕೋಡಿನಲ್ಲಿ ಎರಡು ಹೆಸರಿದ್ದವು. ಒಂದು ‘ತೂಕ’, ಅಂದರೆ ಗೋಣಿಚೀಲದ ತೂಕ ಕಳೆದು ಉಳಿದದ್ದು. ಇನ್ನೊಂದು ‘ತೂಕ_ಒಟ್ಟು’, ಅಂದರೆ ಚೀಲವೂ ಸೇರಿ. ಒಂದು ಸಂಜೆ ಅವಸರದಲ್ಲಿ ಒಂದು ಸಾಲು ತಿದ್ದಿದೆ. ಮೊತ್ತ ಅಂದರೆ ದರ ಗುಣಿಸು ತೂಕ. ‘ತೂಕ’ ಅಂತ ಬರೆದು ಎಂಟರ್ ಒತ್ತಿದೆ. ಅಷ್ಟರಲ್ಲಿ ಕಂಪ್ಲೀಷನ್ ಮೆನು ತೆರೆದಿತ್ತು. ಅದರ ಮೊದಲ ಸಾಲಿನಲ್ಲಿ ‘ತೂಕ_ಒಟ್ಟು’ ಇತ್ತು. ನನ್ನ ಎಂಟರ್ ಹೊಸ ಸಾಲಿಗೆ ಹೋಗಲಿಲ್ಲ, ಆ ಮೊದಲ ಸಾಲನ್ನು ಒಪ್ಪಿಕೊಂಡಿತು. ಕರ್ಸರ್ ಕೆಳಗೆ ಬಂದಿಲ್ಲ ಅಂತ ಮತ್ತೊಮ್ಮೆ ಎಂಟರ್ ಒತ್ತಿ ಮುಂದೆ ಹೋದೆ.

ಎರರ್ ಬರಲಿಲ್ಲ. ಎರಡೂ ಸರಿಯಾದ ಹೆಸರುಗಳೇ, ಎರಡರಲ್ಲೂ ಸಂಖ್ಯೆಯೇ ಇದೆ. ಎರಡು ದಿನ ಆದ ಮೇಲೆ ಕೊಂಡುಕೊಂಡವರ ಕಡೆಯ ಗುಮಾಸ್ತರು 32 ಚೀಲದ ಒಂದು ಬಿಲ್ ಹಿಡಿದು, ಕೈಯಲ್ಲಿ ಲೆಕ್ಕ ಹಾಕಿ, ಫೋನ್ ಮಾಡಿದರು. ಗೋಣಿಚೀಲವೂ ಕೊಬ್ಬರಿ ರೇಟಿಗೇ ಮಾರಾಟವಾಗಿತ್ತು. ಅಂಥ ಬಿಲ್ಲು ಒಟ್ಟು 11 ಇದ್ದವು. ಬೆಳಗಿನ ಬಸ್ಸು ಹಿಡಿದು ತಿಪಟೂರಿಗೆ ಹೋಗಿ ಒಂದೊಂದನ್ನೂ ತಿದ್ದಿ, ಒಬ್ಬೊಬ್ಬರಿಗೂ ಹೇಳಿ ಬಂದೆ. ಆ ವರ್ತಕರು ಬೈಯಲಿಲ್ಲ. ಅವರ ಹೆಸರಿನಲ್ಲಿ ಹೋದ ಬಿಲ್ಲು ತಪ್ಪಾಯಿತಲ್ಲ ಅಂತ ನನಗೆ ಇವತ್ತಿಗೂ ನೋವಿದೆ.

ಇದು ಪೈಥಾನ್‌ನಲ್ಲಿ ಜಾಸ್ತಿ ಆಗುವುದಕ್ಕೆ ಕಾರಣ ಇದೆ. ಸಿಯಲ್ಲಿ ಸಾಲಿನ ಕೊನೆಗೆ ಸೆಮಿಕೋಲನ್ ಇಡುತ್ತೇವೆ. ಅದನ್ನು ಒತ್ತಿದ ತಕ್ಷಣ ಮೆನು ಮುಚ್ಚಿಕೊಳ್ಳುತ್ತದೆ, ಆಮೇಲೆ ಎಂಟರ್ ಒತ್ತಿದರೆ ಅಪಾಯ ಇಲ್ಲ. ಪೈಥಾನ್‌ನಲ್ಲಿ ಸಾಲು ಹೆಸರಿನಲ್ಲೇ ಮುಗಿಯುತ್ತದೆ. ಮೆನು ತೆರೆದಿರುವಾಗಲೇ ಎಂಟರ್ ಬೀಳುತ್ತದೆ.

ಪರಿಹಾರ ಸುಲಭ. ವಿಮ್‌ನ ಕಂಪ್ಲೀಟ್‌ಆಪ್ಟ್ ಸೆಟ್ಟಿಂಗ್‌ನಲ್ಲಿ ಮೆನುಒನ್ ಮತ್ತು ನೋಸೆಲೆಕ್ಟ್ ಹಾಕಿ. ಆಗ ಮೆನು ಬಂದರೂ ನೀವಾಗಿ ಆರಿಸುವ ತನಕ ಯಾವ ಸಾಲೂ ಆರಿಸಿಕೊಂಡಿರುವುದಿಲ್ಲ. ಎನ್‌ವಿಮ್-ಸಿಎಂಪಿ ಬಳಸುತ್ತಿದ್ದರೆ, ಎಂಟರ್‌ಗೆ ಕೊಟ್ಟ ಕನ್ಫರ್ಮ್ ಸಾಲಿನಲ್ಲಿ ಸೆಲೆಕ್ಟ್ ಟ್ರೂ ಅಂತ ಇದೆಯಾ ನೋಡಿ. ಮಾದರಿ ಕಾನ್ಫಿಗ್ ಕಾಪಿ ಮಾಡಿದವರಲ್ಲಿ ಅದು ಹಾಗೇ ಉಳಿದಿರುತ್ತದೆ. ಫಾಲ್ಸ್ ಮಾಡಿ. ಇನ್ನೂ ಒಳ್ಳೆಯದು, ಒಪ್ಪಿಕೊಳ್ಳುವ ಕೆಲಸವನ್ನು ಎಂಟರ್‌ಗೆ ಕೊಡಲೇಬೇಡಿ. ವಿಮ್‌ನಲ್ಲಿ ಮೊದಲಿನಿಂದಲೂ ಕಂಟ್ರೋಲ್ ವೈ ಅಂದರೆ ಬೇಕು, ಕಂಟ್ರೋಲ್ ಇ ಅಂದರೆ ಬೇಡ. ಬ್ಲಿಂಕ್ ಕೂಡ ಮೊದಲಿಗೆ ಕಂಟ್ರೋಲ್ ವೈ ಇಟ್ಟುಕೊಂಡೇ ಬರುತ್ತದೆ. ನಾಲ್ಕು ದಿನ ಕೈ ತಡವರಿಸುತ್ತದೆ, ಆಮೇಲೆ ರೂಢಿ ಆಗುತ್ತದೆ.

ಯಾವ ಪ್ಲಗಿನ್ ಹಾಕಿದರೂ ನಾನು ಮೊದಲು ನೋಡುವುದು ಇದನ್ನೇ: ಎಂಟರ್ ಒತ್ತಿದರೆ ಏನಾಗುತ್ತದೆ? ಎಷ್ಟು ವೇಗ, ಎಷ್ಟು ಚಂದ ಅನ್ನುವುದೆಲ್ಲ ಆಮೇಲೆ.

ಮೇಡಂ, ದಿನಾ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತೇನೆ. ದಾರಿಯಲ್ಲಿ ಆಫೀಸ್ ಸರ್ವರ್‌ಗೆ ಎಸ್‌ಎಸ್‌ಎಚ್ ಮಾಡಿ, ಅಂದರೆ ದೂರದಿಂದಲೇ ಲಾಗಿನ್ ಆಗಿ ಕೆಲಸ. ಕಂಪ್ಲೀಷನ್ ಹಾಕಿದ ಮೇಲೆ ಟೈಪ್ ಮಾಡುವುದೇ ಕಷ್ಟ. ಹಗುರವಾದ ಪ್ಲಗಿನ್ ಹೇಳಿ.

ನಾನೂ ಆ ರೈಲಿನಲ್ಲಿ ನಾಲ್ಕು ವರ್ಷ ಓಡಾಡಿದವಳು. ಹಿರೇಹಳ್ಳಿ, ದಾಬಸ್‌ಪೇಟೆ, ನಿಡವಂದ ದಾಟುವಾಗ ಸಿಗ್ನಲ್ ಬರುವುದು ಹೋಗುವುದು ನೋಡಿದ್ದೇನೆ. ಹಗುರವಾದ ಪ್ಲಗಿನ್ ಹಾಕಿದರೂ ಇದು ಹೋಗುವುದಿಲ್ಲ. ನಿಮ್ಮ ವಿಮ್, ಪ್ಲಗಿನ್, ಲ್ಯಾಂಗ್ವೇಜ್ ಸರ್ವರ್ ಎಲ್ಲ ಇರುವುದು ಆಫೀಸಿನ ಮೆಷಿನ್‌ನಲ್ಲಿ. ನೀವು ಒತ್ತುವ ಒಂದೊಂದು ಅಕ್ಷರವೂ ಅಲ್ಲಿಗೆ ಹೋಗಿ ಬರಬೇಕು. ತಾನೇ ತೆರೆಯುವ ಮೆನು ಇದ್ದರೆ ಅಕ್ಷರಕ್ಕೊಮ್ಮೆ ಹತ್ತು ಸಾಲು ಮತ್ತೆ ಬರೆದು ಕಳಿಸುತ್ತದೆ.

ಮೆನು ತಾನೇ ತೆರೆಯದ ಹಾಗೆ ಮಾಡಿ. ಎಲ್ಲ ಪ್ಲಗಿನ್‌ನಲ್ಲೂ ಇದಕ್ಕೆ ಸೆಟ್ಟಿಂಗ್ ಇದೆ. ಕಾಕ್‌ನಲ್ಲಿ ಆಟೋಟ್ರಿಗರ್ ಅನ್ನು ನನ್ ಮಾಡಬೇಕು, ಎಸಿಂಕಂಪ್ಲೀಟ್‌ನಲ್ಲಿ ಆಟೋ ಪಾಪಪ್ ಅನ್ನು 0 ಮಾಡಬೇಕು. ಬೇಕಾದಾಗ ಮಾತ್ರ ಕರೆಯಿರಿ. ಟಿಮಕ್ಸ್ ಒಳಗೆ ಕೆಲಸ ಮಾಡಿ, ಸಂಪರ್ಕ ಕಡಿದರೂ ಬರೆದದ್ದು ಅಲ್ಲೇ ಇರುತ್ತದೆ. ಆಫೀಸಿನವರು ಒಪ್ಪಿದರೆ ಮೋಶ್ ಹಾಕಿಸಿ, ನೀವು ಒತ್ತಿದ ಅಕ್ಷರವನ್ನು ಅದು ಉತ್ತರಕ್ಕೆ ಕಾಯದೆ ತೋರಿಸುತ್ತದೆ. ನಾನು ಕೊನೆಗೆ ಮಾಡಿಕೊಂಡದ್ದು ಬೇರೆ. ಕೋಡನ್ನು ಗಿಟ್‌ನಲ್ಲಿ ಲ್ಯಾಪ್‌ಟಾಪ್‌ಗೇ ತಂದುಕೊಂಡು, ದಾರಿಯಲ್ಲಿ ಬರೆದು, ಯಶವಂತಪುರದಲ್ಲಿ ಪುಶ್ ಮಾಡುತ್ತಿದ್ದೆ, ಅಂದರೆ ಸರ್ವರ್‌ಗೆ ಕಳಿಸುತ್ತಿದ್ದೆ.

ಪಾಲಿಟೆಕ್ನಿಕ್ ಲ್ಯಾಬಿನಲ್ಲಿ 30 ಕಂಪ್ಯೂಟರ್ ಇವೆ, ಇಂಟರ್ನೆಟ್ ಇಲ್ಲ. ಮಕ್ಕಳಿಗೆ ಕಂಪ್ಲೀಷನ್ ತೋರಿಸಬಹುದೇ? — ಮಧುಗಿರಿಯ ಶಿಕ್ಷಕರು

ಖಂಡಿತ ತೋರಿಸಬಹುದು ಸರ್. ವಿಮ್ 8ರಿಂದ ಪ್ಲಗಿನ್ ಮ್ಯಾನೇಜರ್ ಬೇಕಿಲ್ಲ. ವಿಮ್ ಫೋಲ್ಡರ್ ಒಳಗೆ ಪ್ಯಾಕ್, ಅದರೊಳಗೆ ನಿಮಗೆ ಬೇಕಾದ ಹೆಸರು, ಅದರೊಳಗೆ ಸ್ಟಾರ್ಟ್, ಅಲ್ಲಿ ಪ್ಲಗಿನ್ ಫೋಲ್ಡರ್ ಇಟ್ಟರೆ ಆಯಿತು. ಪೆನ್‌ಡ್ರೈವ್‌ನಲ್ಲಿ ಒಯ್ದು ಕಾಪಿ ಮಾಡಿ. ಮ್ಯುಕಂಪ್ಲೀಟ್ ಅನ್ನುವ ಪ್ಲಗಿನ್ ಇದಕ್ಕೆ ಹೇಳಿ ಮಾಡಿಸಿದ್ದು. ವಿಮ್‌ನ ಸ್ವಂತ ಕಂಪ್ಲೀಷನ್‌ಗಳನ್ನೇ ಒಂದೊಂದಾಗಿ ಕರೆಯುತ್ತದೆ, ಹೊರಗಿನದು ಏನೂ ಬೇಡ. ಜೊತೆಗೆ ಕೋಡಿನಲ್ಲಿರುವ ಹೆಸರುಗಳ ಪಟ್ಟಿ ಮಾಡುವ ಸಿಟ್ಯಾಗ್ಸ್ ಇದ್ದರೆ ಬೇರೆ ಫೈಲಿನ ಫಂಕ್ಷನ್ ಹೆಸರೂ ಸಿಗುತ್ತದೆ. ಯೂಕಂಪ್ಲೀಟ್‌ಮಿ ಲ್ಯಾಬಿಗೆ ಬೇಡ, ಅದರ ಒಂದು ಭಾಗವನ್ನು ಕಂಪೈಲ್ ಮಾಡಬೇಕು. ಕಾಕ್ ಕೂಡ ಬೇಡ, ಅದರ ಎಕ್ಸ್‌ಟೆನ್ಷನ್‌ಗಳು ಇಂಟರ್ನೆಟ್‌ನಿಂದಲೇ ಬರಬೇಕು.

ಕೋಲಾರದಲ್ಲಿ ಚಿಕ್ಕ ಕಂಪನಿ ನಮ್ಮದು. ನಿಯೋವಿಮ್‌ಗೆ ಕೋಪೈಲಟ್ ಹಾಕಿದರೆ ಬೇರೆ ಪ್ಲಗಿನ್ ಬೇಕಾ? ಟ್ಯಾಬ್ ಒತ್ತಿದರೆ ಒಮ್ಮೆ ಒಂದು, ಇನ್ನೊಮ್ಮೆ ಇನ್ನೊಂದು ಬರುತ್ತದೆ.

ಎರಡೂ ಬೇರೆ ಕೆಲಸ. ಲ್ಯಾಂಗ್ವೇಜ್ ಸರ್ವರ್ ನಿಮ್ಮ ಕೋಡಿನಲ್ಲಿ, ನಿಮ್ಮ ಲೈಬ್ರರಿಯಲ್ಲಿ ನಿಜಕ್ಕೂ ಇರುವ ಹೆಸರನ್ನು ಕೊಡುತ್ತದೆ. 2021ರಲ್ಲಿ ಬಂದ ಕೋಪೈಲಟ್, ಅಂದರೆ ಗಿಟ್‌ಹಬ್‌ನ ಎಐ ಸಹಾಯಕ, ಮುಂದೆ ಏನು ಬರಬಹುದು ಅಂತ ಊಹಿಸಿ ಬರೆಯುತ್ತದೆ. ಊಹೆ ಎಷ್ಟೋ ಸಲ ಚೆನ್ನಾಗಿರುತ್ತದೆ. ಆದರೆ ಇಲ್ಲದ ಫಂಕ್ಷನ್ ಹೆಸರನ್ನೂ ಧೈರ್ಯವಾಗಿ ಬರೆದುಬಿಡುತ್ತದೆ. ಅದನ್ನು ಹಿಡಿದು ತೋರಿಸಲು ಲ್ಯಾಂಗ್ವೇಜ್ ಸರ್ವರ್ ಇರಲೇಬೇಕು.

ಟ್ಯಾಬ್ ಜಗಳಕ್ಕೆ ಕಾರಣ ಇಬ್ಬರೂ ಅದೇ ಕೀ ಹಿಡಿದಿರುವುದು. ವರ್ಬೋಸ್ ಐಮ್ಯಾಪ್ ಟ್ಯಾಬ್ ಅನ್ನುವ ಕಮ್ಯಾಂಡ್ ಕೊಟ್ಟರೆ ಆ ಕೀ ಯಾರ ಕೈಯಲ್ಲಿದೆ, ಯಾವ ಫೈಲಿನಿಂದ ಬಂತು ಅಂತ ತೋರಿಸುತ್ತದೆ. ಒಬ್ಬರಿಗೆ ಬೇರೆ ಕೀ ಕೊಡಿ.

ನೀವು ಕೇಳದ ಒಂದು ಮಾತು ಹೇಳಲೇಬೇಕು. ಕೋಪೈಲಟ್ ಉತ್ತರ ಕೊಡಬೇಕಾದರೆ ನಿಮ್ಮ ಕೋಡ್ ಹೊರಗಿನ ಸರ್ವರ್‌ಗೆ ಹೋಗುತ್ತದೆ. ಗಿರಾಕಿಯ ಕೋಡ್ ಆದರೆ ಮೊದಲು ಅವರನ್ನು ಕೇಳಿ, ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಪಾಸ್‌ವರ್ಡ್ ಇರುವ ಫೈಲ್ ತೆರೆದಾಗ ಅದು ಆಫ್ ಆಗಿರಲಿ. ಕೋಪೈಲಟ್ ಪ್ಲಗಿನ್‌ನಲ್ಲಿ ಫೈಲ್‌ಟೈಪ್ಸ್ ಅಂತ ಒಂದು ಸೆಟ್ಟಿಂಗ್ ಇದೆ. ಎಲ್ಲದಕ್ಕೂ ಬೇಡ ಅಂದು, ಪೈಥಾನ್‌ಗೆ ಮಾತ್ರ ಬೇಕು ಅನ್ನಬಹುದು. ನಮ್ಮ ಆಫೀಸಿನಲ್ಲಿ ಬಿಲ್ಲಿನ ಲೆಕ್ಕ ಇರುವ ಫೈಲುಗಳಿಗೆ ಅದನ್ನು ಬಳಸುವುದಿಲ್ಲ.

ವಿಮ್ ತೆರೆದಾಗ ಉಗಾಂಡಾದ ಬಡ ಮಕ್ಕಳಿಗೆ ಸಹಾಯ ಮಾಡಿ ಅಂತ ಬರುತ್ತದೆ. ವೈರಸ್ಸಾ? — ಗುಬ್ಬಿ

ಅಲ್ಲ. ಅದು ವಿಮ್ ಬರೆದ ಬ್ರಾಮ್ ಮೂಲೆನಾರ್ ಅವರ ಮಾತು. 1991ರಿಂದ ಕೊನೆಯ ತನಕ ಅದನ್ನು ನೋಡಿಕೊಂಡರು, 2023ರ ಆಗಸ್ಟ್ 3ರಂದು ತೀರಿಕೊಂಡರು. ವಿಮ್ ಅನ್ನು ಉಚಿತವಾಗಿ ಕೊಟ್ಟರು. ಕೊಡುವ ಮನಸ್ಸಿದ್ದರೆ ಉಗಾಂಡಾದ ಕಿಬಾಲೆಯ ಮಕ್ಕಳಿಗೆ ಕೊಡಿ ಅಂದರು. 2024ರ ಜನವರಿಯಲ್ಲಿ ಬಂದ ವಿಮ್ 9.1 ಅವರ ನೆನಪಿಗೆ ಅರ್ಪಣೆ. ಆ ಸಾಲು ಕಂಡಾಗ ನನಗೆ ಈಗಲೂ ಕೈ ಮುಗಿಯಬೇಕು ಅನಿಸುತ್ತದೆ.

ವಿಮ್‌ನಲ್ಲಿ ಕನ್ನಡ ಪದಗಳೂ ಹೀಗೆ ತಾನೇ ಬರುವಂತೆ ಮಾಡಬಹುದೇ ಅಕ್ಕಾ? — ತುರುವೇಕೆರೆ

ಮಾಡಬಹುದು, ಇದಕ್ಕೂ ಪ್ಲಗಿನ್ ಬೇಡ. ಸಾಲಿಗೊಂದು ಪದ ಇರುವ ಒಂದು ಟೆಕ್ಸ್ಟ್ ಫೈಲ್ ಮಾಡಿ, ಯೂನಿಕೋಡ್‌ನಲ್ಲಿ ಇರಲಿ. ಡಿಕ್ಷನರಿ ಸೆಟ್ಟಿಂಗ್‌ಗೆ ಆ ಫೈಲಿನ ಹೆಸರು ಕೊಡಿ. ಬರೆಯುವಾಗ ಮೊದಲ ಅಕ್ಷರ ಹಾಕಿ ಕಂಟ್ರೋಲ್ ಎಕ್ಸ್, ಕಂಟ್ರೋಲ್ ಕೆ ಒತ್ತಿ. ನನ್ನ ಫೈಲಿನಲ್ಲಿ ಬಿಲ್ಲಿಗೆ ಬೇಕಾದ ಊರುಗಳಿವೆ: ತಿಪಟೂರು, ಅರಸೀಕೆರೆ, ತುರುವೇಕೆರೆ, ಚಿಕ್ಕನಾಯಕನಹಳ್ಳಿ. ‘ಚಿ’ ಅಂತ ಹಾಕಿ ಒತ್ತಿದರೆ ಚಿಕ್ಕನಾಯಕನಹಳ್ಳಿ ಪೂರ್ತಿ ಬರುತ್ತದೆ. ಅಷ್ಟುದ್ದದ ಹೆಸರನ್ನು ದಿನಕ್ಕೆ ಹತ್ತು ಸಲ ಬರೆಯುವವರಿಗೆ ಇದು ದೊಡ್ಡ ಅನುಕೂಲ.

ತೊಂದರೆ ಇರುವುದು ಕಾಣುವುದರಲ್ಲಿ. ಟರ್ಮಿನಲ್ ಒಂದೊಂದು ಅಕ್ಷರಕ್ಕೂ ಅಳತೆ ಮಾಡಿದ ಮನೆ ಕೊಡುತ್ತದೆ. ನಮ್ಮ ಒತ್ತಕ್ಷರ ಆ ಮನೆಯಲ್ಲಿ ಸರಿಯಾಗಿ ಕೂರುವುದಿಲ್ಲ. ‘ಕ್ಕ’ ಬಿಡಿ ಬಿಡಿಯಾಗಿ ಕಾಣಬಹುದು, ಕರ್ಸರ್ ಒಂದು ಮನೆ ಆಚೀಚೆ ನಿಲ್ಲಬಹುದು. ಫೈಲಿನ ಒಳಗೆ ಅಕ್ಷರ ಸರಿಯಾಗೇ ಇರುತ್ತದೆ, ಹೆದರಬೇಡಿ. ಅದೇ ಫೈಲನ್ನು ಬ್ರೌಸರ್‌ನಲ್ಲಿ ತೆರೆದು ಒಮ್ಮೆ ಓದಿ ನೋಡಿ, ಆಮೇಲೆ ಕಳಿಸಿ.